ವಿದ್ಯಾರ್ಥಿಗಳ ಗೋಷ್ಠಿ: ಅಂದು ಮತ್ತು ಇಂದು

'ಗೋಷ್ಠಿ' ಎಂಬ ಮಾತನ್ನು ರೇಡಿಯೋ ಇಟ್ಟುಕೊಂಡಿರುವ ಮನೆಯವರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಕವಿಗೋಷ್ಠಿ, ವಿಚಾರಗೋಷ್ಠಿ, ಸಂಗೀತಗೋಷ್ಠಿ ಎಂದು ಅದು ಆಗಾಗ ನಿಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಆದರೆ ಆ ಮಾತಿನ ಬೇರನ್ನು ಹುಡುಕಿಕೊಂಡು ಹೋದರೆ ನಾವು ಸೇರುವುದು ದನದ ಕೊಟ್ಟಿಗೆಗೆ! ಸಂಸ್ಕೃತದಲ್ಲಿ 'ಗೋಷ್ಠ' ಎಂದರೆ ಗೋವುಗಳು ನಿಲ್ಲುವ ಸ್ಥಳ. ಮೇಯಲು ಹೋದ ಹಸುಗಳು ಸಂಜೆಗೆ ಒಂದೆಡೆ ಕೂಡುವಂತೆ, ನಾನಾ ಕಡೆ ಓದಿ ಬಂದವರು ಒಂದೆಡೆ ಕೂಡಿ ಮಾತನಾಡಿದರೆ ಅದು ಗೋಷ್ಠಿ. ನಮ್ಮ ತೆಂಗಿನ ಸೀಮೆಯ ತುರುವೇಕೆರೆಯ ಹೆಸರಿನಲ್ಲಿಯೂ 'ತುರು' ಎಂಬ ಹಳಗನ್ನಡದ ಶಬ್ದ ಕೇಳಿಸುತ್ತದೆ. ತುರು ಎಂದರೆ ಹಸು. ಹಳ್ಳಿಹಳ್ಳಿಯ ವೀರಗಲ್ಲುಗಳು ಹೇಳುವ ತುರುಗೋಳಿನ ಕಥೆಗಳಲ್ಲಿ ಇರುವುದೂ ಇದೇ ತುರು. ಹಾಗಾದರೆ ಗೋಷ್ಠಿಗೂ ತುರುವೇಕೆರೆಗೂ ಒಂದು ನಂಟು ಕಟ್ಟಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಕಟ್ಟಬಹುದು. ಆದರೆ ವಿದ್ವಾಂಸರ ಸಭೆಯಲ್ಲಿ ಎದ್ದು ನಿಂತು ಹಾಗೆಂದರೆ, "ಇದಕ್ಕೆ ಶಾಸನಾಧಾರವೇನು, ಸ್ವಾಮಿ?" ಎಂಬ ಪ್ರಶ್ನೆ ಕೂಡಲೇ ಬರುತ್ತದೆ.

ಹೀಗೆ ಕೇಳುವ ಪ್ರಶ್ನೆಯನ್ನು ಕುರಿತೇ ಈ ಬರಹ. ಮಧ್ಯಯುಗದ ಇತಿಹಾಸವನ್ನು ಓದುತ್ತಿರುವ ತರುಣ ತರುಣಿಯರು, ಇನ್ನೂ ಪದವಿಯ ಮೇಲಣ ಅಭ್ಯಾಸದಲ್ಲಿರುವವರು, ವರ್ಷಕ್ಕೊಮ್ಮೆ ಅಲ್ಲಲ್ಲಿ ಸೇರಿ ತಾವು ಕಂಡುಕೊಂಡದ್ದನ್ನು ಓದಿ ಹೇಳುವ ಸಮ್ಮೇಳನಗಳು ಇಂದು ಲೋಕದ ನಾನಾ ಕಡೆ ನಡೆಯುತ್ತವೆ. ಅವುಗಳ ಕ್ರಮ ಸರಳವಾದದ್ದು. ಮೊದಲು ಒಂದು ಆಹ್ವಾನಪತ್ರ ಹೊರಡುತ್ತದೆ. ವಿದ್ಯಾರ್ಥಿಯು ತಾನು ಹೇಳಬೇಕೆಂದಿರುವುದರ ಸಾರಾಂಶವನ್ನು ಒಂದು ಪುಟದಲ್ಲಿ ಬರೆದು ಕಳುಹಿಸುತ್ತಾನೆ. ಒಪ್ಪಿಗೆಯಾದರೆ ಗೊತ್ತಾದ ದಿನ ಹೋಗಿ ಹದಿನೈದು ಇಪ್ಪತ್ತು ನಿಮಿಷ ಪ್ರಬಂಧ ಓದುತ್ತಾನೆ. ಹೊತ್ತು ಮೀರಿದರೆ ಅಧ್ಯಕ್ಷರ ಗಂಟೆ ಬಾರಿಸುತ್ತದೆ. ಆಮೇಲೆ ಪ್ರಶ್ನೆಗಳು. ಓದುವುದಕ್ಕಿಂತ ಈ ಕಡೆಯ ಭಾಗವೇ ಕಷ್ಟ, ಇದೇ ಮುಖ್ಯ.

ಅಮೆರಿಕ ದೇಶದ ಕಲಮಜೂ ಎಂಬ ಊರಿನಲ್ಲಿ, ಪಶ್ಚಿಮ ಮಿಶಿಗನ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ, ಮಧ್ಯಯುಗದ ಅಧ್ಯಯನಕ್ಕಾಗಿಯೇ ಒಂದು ಸಮ್ಮೇಳನ ೧೯೬೨ರಲ್ಲಿ ಆರಂಭವಾಯಿತು. ಸಣ್ಣದಾಗಿ ಹುಟ್ಟಿದ ಅದು ಬರಬರುತ್ತ ಸಾವಿರಾರು ಮಂದಿ ಕೂಡುವ ಜಾತ್ರೆಯಾಯಿತು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಅಂಥದೇ ಇನ್ನೊಂದು ೧೯೯೪ರಲ್ಲಿ ಮೊದಲಾಯಿತು. ಆದರೆ ದೊಡ್ಡ ಪ್ರಾಧ್ಯಾಪಕರ ನಡುವೆ ಎಳೆಯರ ಧ್ವನಿ ಅಡಗಿಹೋಗಬಾರದೆಂದು, ವಿದ್ಯಾರ್ಥಿಗಳು ತಾವೇ ನಡೆಸುವ ಒಂದು ಗೋಷ್ಠಿಯನ್ನು ೨೦೦೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದರು. ಅದು ಒಂದೇ ಊರಿನಲ್ಲಿ ನೆಲೆ ನಿಲ್ಲದೆ ಒಂದು ವಿಶ್ವವಿದ್ಯಾನಿಲಯದಿಂದ ಇನ್ನೊಂದಕ್ಕೆ ಸಂಚರಿಸುತ್ತ ಬಂದಿದೆ. ಅದಕ್ಕೆ ಅವರು ಇಟ್ಟುಕೊಂಡ ಹೆಸರು 'ವಗಾಂತೇಸ್'. ಲ್ಯಾಟಿನ್ ಭಾಷೆಯಲ್ಲಿ ಅಲೆಯುವವರು, ಸಂಚಾರಿಗಳು ಎಂದು ಅದರ ಅರ್ಥ. ಯೂರೋಪಿನ ಮಧ್ಯಯುಗದಲ್ಲಿ ಗುರುವಿನಿಂದ ಗುರುವಿಗೆ, ಪಟ್ಟಣದಿಂದ ಪಟ್ಟಣಕ್ಕೆ ಅಲೆದು ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು ನೆನೆದು ಇಟ್ಟ ಹೆಸರು ಇದು.

ಇದನ್ನು ಕೇಳಿದ ನೀವು, "ಇದೆಲ್ಲ ಸಮುದ್ರದಾಚೆಯ ಮಾತಾಯಿತು. ಕೊಬ್ಬರಿ ಧಾರಣೆ ಕೇಳಲು ರೇಡಿಯೋ ಹಾಕುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಇದರಿಂದ ಏನು?" ಎನ್ನಬಹುದು. ಸಂಬಂಧ ಬಹಳ ಇದೆ. ಅಲೆಯುವ ವಿದ್ಯಾರ್ಥಿಯೂ ಅವನ ವಾದವೂ ನಮ್ಮ ನಾಡಿನಲ್ಲಿ ಕಲ್ಲಿನ ಮೇಲೆ ದಾಖಲೆಯಾಗಿವೆ.

ಕನ್ನಡ ನಾಡಿನ ಮೊದಲ ರಾಜವಂಶದ ಕಥೆಯೇ ಒಬ್ಬ ವಿದ್ಯಾರ್ಥಿಯ ಪ್ರವಾಸದಿಂದ ಆರಂಭವಾಗುತ್ತದೆ. ತಾಳಗುಂದದ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಹೆಚ್ಚಿನ ಓದಿಗಾಗಿ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಸೇರಿದನು. ಘಟಿಕೆಯೆಂದರೆ ವಿದ್ವಾಂಸರೂ ವಿದ್ಯಾರ್ಥಿಗಳೂ ಕೂಡಿದ್ದ ಉನ್ನತ ವಿದ್ಯಾಸ್ಥಾನ. ಅಲ್ಲಿ ಪಲ್ಲವರ ಒಬ್ಬ ಕುದುರೆಯ ಸವಾರನೊಡನೆ ಜಗಳವಾಗಿ, ಅವಮಾನವನ್ನು ಸಹಿಸದೆ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ಕದಂಬರಾಜ್ಯ ಹುಟ್ಟಿತು. ಈ ಸಂಗತಿಯನ್ನು ಕುಬ್ಜನೆಂಬ ಕವಿಯು ೫ನೆಯ ಶತಮಾನದಲ್ಲಿ ರಚಿಸಿದ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ರಾಜ್ಯ ಕಟ್ಟಿದ ಭಾಗವನ್ನು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಓದುವುದಕ್ಕಾಗಿ ಅಷ್ಟು ದೂರ ನಡೆದುಹೋದ ಭಾಗವನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಶ್ರವಣಬೆಳಗೊಳಕ್ಕೆ ಬನ್ನಿ. ಅಲ್ಲಿಯ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಪ್ರಶಸ್ತಿಯೆಂಬ ಶಾಸನವಿದೆ. ಅದರ ಕಾಲ ೧೧೨೯. ಜೈನ ಆಚಾರ್ಯರ ಪರಂಪರೆಯನ್ನು ಹೇಳುವ ಆ ಶಾಸನವನ್ನು ವಾದಿಗಳ ಚರಿತ್ರೆಯೆಂದೇ ಓದಬಹುದು. ಸಮಂತಭದ್ರರು ಪಾಟಲಿಪುತ್ರದಲ್ಲಿ ವಾದದ ಭೇರಿಯನ್ನು ಹೊಡೆದು, ಮಾಳವ, ಸಿಂಧು, ಠಕ್ಕ ದೇಶಗಳಲ್ಲಿಯೂ ಕಂಚಿ, ವಿದಿಶೆಗಳಲ್ಲಿಯೂ ಹೊಡೆದು, ಕಡೆಗೆ ಕರಹಾಟಕಕ್ಕೆ, ಎಂದರೆ ಇಂದಿನ ಕರಾಡಕ್ಕೆ, ವಾದವನ್ನು ಬಯಸಿ ಬಂದರೆಂದು ಅದು ವರ್ಣಿಸುತ್ತದೆ. ಊರ ನಡುವೆ ತೂಗುಹಾಕಿದ ಭೇರಿಯನ್ನು ಹೊಡೆದವನು 'ನಾನು ಒಂದು ಮಾತು ಹೇಳುವವನಿದ್ದೇನೆ, ಅಲ್ಲಗಳೆಯಬಲ್ಲವರು ಬನ್ನಿ' ಎಂದು ಸಾರಿದಂತೆ. ಅದೇ ಶಾಸನದಲ್ಲಿ ವಿಮಲಚಂದ್ರರ ಪ್ರಸಂಗ ಬರುತ್ತದೆ. ಅವರು ಶತ್ರುಭಯಂಕರನೆಂಬ ಅರಸನ ಅರಮನೆಯ ಬಾಗಿಲಿಗೆ ಒಂದು ಪತ್ರವನ್ನು ತೂಗುಹಾಕಿದರಂತೆ. ಶೈವರು, ಪಾಶುಪತರು, ಬೌದ್ಧರು, ಕಾಪಾಲಿಕರು, ಕಪಿಲಮತದವರು, ಇವರೆಲ್ಲರನ್ನೂ ವಾದಕ್ಕೆ ಕರೆದ ಪತ್ರ ಅದು. ಇಂದಿನ ಸಮ್ಮೇಳನದ ಆಹ್ವಾನಪತ್ರವು ಆ ಬಾಗಿಲಿನ ಪತ್ರದ ದೂರದ ಮೊಮ್ಮಗ ಎಂದರೆ ತಪ್ಪಾಗದು. ಒಂದು ವ್ಯತ್ಯಾಸ ಮಾತ್ರ ಉಂಟು: ಅಂದಿನವರು ಎದುರಾಳಿಯನ್ನು ಸೋಲಿಸಲು ಕರೆಯುತ್ತಿದ್ದರು, ಇಂದಿನವರು ತಮ್ಮ ಮಾತನ್ನು ತಿದ್ದಿಕೊಳ್ಳಲು ಕರೆಯುತ್ತಾರೆ. ಹಾಗೆ ಕರೆಯಬೇಕು ಎಂಬುದಾದರೂ ಇಂದಿನ ಆದರ್ಶ.

ಇನ್ನು ಹೊಟ್ಟೆಯ ವಿಚಾರ. ಅಲೆಯುವ ವಿದ್ಯಾರ್ಥಿ ಏನು ತಿನ್ನುತ್ತಿದ್ದ, ಎಲ್ಲಿ ಮಲಗುತ್ತಿದ್ದ? ನಮ್ಮ ಶಾಸನಗಳು ಈ ಪ್ರಶ್ನೆಯನ್ನು ಮರೆತಿಲ್ಲ. ಬಿಜಾಪುರ ಸೀಮೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ೯೪೫ರ, ಶಾಸನವೊಂದಿದೆ. ನಾರಾಯಣನೆಂಬ ಮಂತ್ರಿ ಅಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಸೇರಿದ್ದರು. ಅವರು ಉಳಿಯಲು ೨೭ ಮನೆಗಳು, ಶಾಲೆಯ ನಡವಳಿಕೆಗೆ ೫೦೦ ನಿವರ್ತನ ಭೂಮಿ, ದೀಪದ ಎಣ್ಣೆಗೆ ಬೇರೆ ೧೨ ನಿವರ್ತನ. ಇಷ್ಟಕ್ಕೇ ಮುಗಿಯಲಿಲ್ಲ. ಊರಿನಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಇಷ್ಟು, ಚೌಲವಾದರೆ ಇಷ್ಟು ಎಂದು ಪ್ರತಿ ಮನೆಯಿಂದಲೂ ಶಾಲೆಗೆ ಕಾಣಿಕೆ ಸಲ್ಲಬೇಕಾಗಿತ್ತು. ಮಂತ್ರಿ ಕೊಟ್ಟದ್ದು ದೊಡ್ಡ ದಾನ. ಮದುವೆಯ ಮನೆಯವರು ಕೊಟ್ಟದ್ದು ಸಣ್ಣ ಕಾಣಿಕೆ. ಎರಡೂ ಸೇರಿದ್ದರಿಂದ ಶಾಲೆ ನಿಂತಿತು.

ಕಲಬುರಗಿ ಸೀಮೆಯ ನಾಗಾವಿಯ ೧೦೫೮ರ ಶಾಸನ ಇನ್ನೂ ವಿವರವಾಗಿದೆ. ಕಲ್ಯಾಣದ ಚಾಲುಕ್ಯ ಮೊದಲನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಶಾಲೆಯನ್ನು ಏರ್ಪಡಿಸಿದನು. ವೇದ ಓದುವವರು ೨೦೦ ಮಂದಿ, ಶಾಸ್ತ್ರ ಓದುವವರು ೫೨ ಮಂದಿ, ಅವರಿಗೆ ಬೇರೆ ಬೇರೆ ಉಪಾಧ್ಯಾಯರು. ಪುಸ್ತಕಗಳನ್ನು ನೋಡಿಕೊಳ್ಳಲು ೬ ಮಂದಿ 'ಸರಸ್ವತೀ ಭಂಡಾರಿಗರು'. ಇಂದು ನಾವು ಲೈಬ್ರರಿಯನ್ ಎನ್ನುವವರಿಗೆ ಅಂದಿನ ಹೆಸರು ಎಷ್ಟು ಚೆಲುವಾಗಿತ್ತು ನೋಡಿ! ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನವಂತೂ ಮನಸ್ಸನ್ನು ತುಂಬುತ್ತದೆ. ಅದು ನಾಲ್ಕು ವೇದಗಳ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ, ಷಡ್ದರ್ಶನಗಳ, ಪುರಾಣ ಕಾವ್ಯ ನಾಟಕಗಳ ವ್ಯಾಖ್ಯಾನಸ್ಥಾನ. ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ನಾನಾ ಮತದ ಭಿಕ್ಷುಗಳು ಬಂದು ಉಣ್ಣುವ ಸ್ಥಾನ. ರೋಗಿಗಳಿಗೆ ಔಷಧ ಸಿಗುವ ಸ್ಥಾನ. ಶೈವ ಮಠದ ಅಂಗಳದಲ್ಲಿ ಜೈನ ಕ್ಷಪಣಕನಿಗೂ ಅನ್ನವಿತ್ತು. ವ್ಯಾಖ್ಯಾನವನ್ನೂ ಅನ್ನವನ್ನೂ ಒಂದೇ ಕಲ್ಲಿನಲ್ಲಿ ಕೊರೆಸಿದವರಿಗೆ ಒಂದು ಸತ್ಯ ತಿಳಿದಿತ್ತು: ವಿದ್ಯೆಗೆ ಇಬ್ಬರು ಬೇಕು. ಅನ್ನ ಇಡುವವನೊಬ್ಬ, ಪ್ರಶ್ನೆ ಕೇಳುವವನೊಬ್ಬ.

ಈಗ ನಮ್ಮ ತೆಂಗಿನ ಸೀಮೆಗೆ ಬರೋಣ. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ತುರುವೇಕೆರೆ ಒಂದು ಅಗ್ರಹಾರ. 'ಸರ್ವಜ್ಞ ಶ್ರೀ ವಿಜಯ ನರಸಿಂಹಪುರ' ಎಂದು ಅದಕ್ಕೆ ಹೆಸರು. ಅಲ್ಲಿಯ ಚೆನ್ನಕೇಶವನ ಗುಡಿ ೧೨೬೩ರ ಹೊತ್ತಿನದು. ಸೋಮನಾಥಪುರದ ಪ್ರಸಿದ್ಧ ದೇವಾಲಯವನ್ನು ಕಟ್ಟಿಸಿದ ಸೋಮ ದಂಡನಾಯಕನೇ ಇದನ್ನೂ ಕಟ್ಟಿಸಿದವನು. ಅದಕ್ಕೆ ಎರಡು ವರ್ಷ ಮೊದಲು, ೧೨೬೧ರಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ಗೋಪಾಲ ದಂಡನಾಯಕನು ಯೋಗಮಾಧವನ ಗುಡಿಯನ್ನು ಕಟ್ಟಿಸಿದನು. ತುರುವೇಕೆರೆ ತಾಲ್ಲೂಕಿನ ವಿಘ್ನಸಂತೆಯಲ್ಲಿ ಲಕ್ಷ್ಮೀನರಸಿಂಹನ ಗುಡಿ ೧೨೮೬ರಲ್ಲಿ ಎದ್ದಿತು. ಅದು ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ಸೋದರರು ಮಾಡಿಸಿದ್ದು. ಇಪ್ಪತ್ತೈದು ವರ್ಷಗಳೊಳಗೆ, ಒಬ್ಬನೇ ದೊರೆಯ ಆಳಿಕೆಯಲ್ಲಿ, ಅಕ್ಕಪಕ್ಕದ ಊರುಗಳಲ್ಲಿ ಮೂರು ಗುಡಿಗಳು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ೯ನೆಯ ಶತಮಾನದ ಕಲ್ಲೇಶ್ವರನ ಗುಡಿಯೂ ಹೊಯ್ಸಳರ ಚೆನ್ನಕೇಶವನ ಗುಡಿಯೂ ಒಂದೇ ಊರಿನಲ್ಲಿವೆ. ಇವನ್ನು ನೀವು ಹಬ್ಬ ಹರಿದಿನಗಳಲ್ಲಿ ನೋಡಿದ್ದೀರಿ. ಹಣ್ಣುಕಾಯಿ ಮಾಡಿಸಿಕೊಂಡು ಬಂದಿದ್ದೀರಿ.

ಅಗ್ರಹಾರವೆಂದರೆ ಕೇವಲ ಒಂದು ಬೀದಿಯಲ್ಲ. ವಿದ್ಯಾವಂತರಿಗೆ ಬಿಟ್ಟ ಊರು. ಅಲ್ಲಿಯ ಮಹಾಜನಗಳು ಸಭೆ ಸೇರಿ ಊರಿನ ವ್ಯವಹಾರವನ್ನು ತೀರ್ಮಾನಿಸುತ್ತಿದ್ದರು. ಓದಿಸುವುದು ಆ ಭೂಮಿಯ ಋಣ. ಅಲ್ಲಿ ಪಾಠ ನಡೆಯುತ್ತಿದ್ದ ಕ್ರಮದಲ್ಲಿ ಒಂದು ವಿಶೇಷವಿದೆ. ಶಾಸ್ತ್ರ ಓದಿದವರೆಲ್ಲ ಅದನ್ನು ಬಲ್ಲರು. ಯಾವ ವಿಷಯವನ್ನು ಸ್ಥಾಪಿಸಬೇಕಾದರೂ ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಪೂರ್ವಪಕ್ಷವೆಂದರೆ ಎದುರಾಳಿಯ ಮಾತು. ಅದನ್ನು ಅವನು ಹೇಳಬಹುದಾದದ್ದಕ್ಕಿಂತಲೂ ಚೆನ್ನಾಗಿ ನಾವೇ ಹೇಳಿ, ಆಮೇಲೆ ಉತ್ತರ ಕೊಡಬೇಕು. ಎದುರಾಳಿಯ ಮಾತನ್ನು ಕುಂಟಿಸಿ ಹೇಳಿ ಗೆದ್ದರೆ ಅದು ಗೆಲುವಲ್ಲ. ಇಂದು ಸಂಶೋಧಕರ ಗೋಷ್ಠಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಒಳ್ಳೆಯ ಶಿಸ್ತು ಬೇರೆ ಇಲ್ಲ.

ಆದರೆ ಅಂದಿನದನ್ನೆಲ್ಲ ಹೊಗಳಿ ಮುಗಿಸುವುದು ಇತಿಹಾಸವಾಗದು, ಪ್ರಶಸ್ತಿಯಾದೀತು. ಅಗ್ರಹಾರದ ಜಗಲಿಯ ಮೇಲೆ ಕುಳಿತು ವಾದಿಸುವ ಹಕ್ಕು ಎಲ್ಲರಿಗೂ ಇರಲಿಲ್ಲ. ಆ ಊರಿಗೆ ಬಿಟ್ಟ ಗದ್ದೆಯನ್ನು ಉತ್ತವನು, ತೋಟಕ್ಕೆ ನೀರು ಕಟ್ಟಿದವನು, ಗುಡಿಯ ಕಲ್ಲನ್ನು ಸೀಳಿದವನು ಆ ಜಗಲಿಯ ಕೆಳಗೇ ಉಳಿದನು. ಅವರ ಹೆಣ್ಣುಮಕ್ಕಳ ಮಾತಂತೂ ದೂರ. ಈ ಕೊರತೆಗೆ ನಮ್ಮ ನಾಡೇ ಉತ್ತರ ಹುಡುಕಿತು. ೧೨ನೆಯ ಶತಮಾನದ ಶರಣರು ಕಾಯಕದವರನ್ನೂ ಹೆಂಗಸರನ್ನೂ ಅನುಭಾವದ ಮಾತಿಗೆ ಕರೆದರು. ಆ ಸಂವಾದಗಳನ್ನು ಪೋಣಿಸಿದ ಶೂನ್ಯಸಂಪಾದನೆಯು ೧೫ನೆಯ ಶತಮಾನದಿಂದೀಚೆಗೆ ನಾಲ್ಕು ಬಾರಿ ಸಂಕಲನವಾಯಿತು. ಅವುಗಳಲ್ಲಿ ಒಂದು, ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರದು. ಅವರು ಎಡೆಯೂರಿನ ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಗೆ ಸೇರಿದವರು. ತೋಂಟವೆಂದರೆ ತೋಟವೇ. ಅರಮನೆಯ ಬಾಗಿಲಿನಲ್ಲಿಯೂ ಅಗ್ರಹಾರದಲ್ಲಿಯೂ ನಡೆಯುತ್ತಿದ್ದ ವಿಚಾರ ನಮ್ಮ ಸೀಮೆಯ ಮಗ್ಗುಲಲ್ಲಿ ತೋಟದೊಳಕ್ಕೆ ಬಂದು ಕನ್ನಡದಲ್ಲಿ ಮಾತನಾಡಿತು. ಶೂನ್ಯಸಂಪಾದನೆಯಲ್ಲಿ ಪ್ರಶ್ನೆಯಿಲ್ಲದೆ ಯಾರಿಗೂ ಮನ್ನಣೆಯಿಲ್ಲ. ಅಲ್ಲಮನು ಅಕ್ಕನನ್ನೂ ಪ್ರಶ್ನಿಸುತ್ತಾನೆ, ಅಕ್ಕ ಉತ್ತರ ಕೊಡುತ್ತಾಳೆ.

ಇನ್ನು ಈಚಿನ ಕಾಲ. ನಮ್ಮ ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಗೂಡಿಸಿ ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ೧೨ನೆಯ ಸಂಪುಟವಾಗಿ ೧೯೦೪ರಲ್ಲಿ ಪ್ರಕಟಿಸಿದರು. ಆ ಮಾಲೆಯಲ್ಲಿ ಹಳೆಯ ಮೈಸೂರು ಸೀಮೆಯ ಮತ್ತು ಕೊಡಗಿನ ಸುಮಾರು ೯೦೦೦ ಶಾಸನಗಳು ಸೇರಿದವು. ಪುಸ್ತಕವಾದ ಮೇಲೆ ಶಾಸನಗಳ ಮೇಲೆ ವಾದ ಹುಟ್ಟಬೇಕು, ವಾದಕ್ಕೆ ಸಭೆ ಬೇಕು. ೧೯೧೯ರಲ್ಲಿ ಪುಣೆಯಲ್ಲಿ ಆರಂಭವಾದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನ ೧೯೩೫ರಲ್ಲಿ ಮೈಸೂರಿಗೆ ಬಂತು. ಅದೇ ೧೯೩೫ರಲ್ಲಿ ಪುಣೆಯಲ್ಲಿ ಭಾರತೀಯ ಇತಿಹಾಸ ಕಾಂಗ್ರೆಸ್ಸು ಹುಟ್ಟಿತು. ಅದರ ಅಧಿವೇಶನಗಳು ೧೯೬೬ರಲ್ಲಿ ಮೈಸೂರಿನಲ್ಲಿಯೂ ೧೯೮೮ರಲ್ಲಿ ಧಾರವಾಡದಲ್ಲಿಯೂ ೧೯೯೭ರಲ್ಲಿ ಬೆಂಗಳೂರಿನಲ್ಲಿಯೂ ನಡೆದವು. ಮಧ್ಯಕಾಲದ ಭಾರತಕ್ಕೆಂದೇ ಅಲ್ಲಿ ಬೇರೊಂದು ವಿಭಾಗವುಂಟು. ಭಾರತ ಸರ್ಕಾರದ ಶಾಸನ ಶಾಖೆಯ ಮುಖ್ಯ ಕಚೇರಿ ಉದಕಮಂಡಲದಿಂದ ಮೈಸೂರಿಗೆ ಬಂದದ್ದೂ ೧೯೬೬ರಲ್ಲಿಯೇ. ಕನ್ನಡದಲ್ಲಿಯೇ ಪ್ರಬಂಧ ಓದಬಹುದಾದ ಸಭೆ ಬೇಕೆಂಬ ಆಸೆಯನ್ನು ಕರ್ನಾಟಕ ಇತಿಹಾಸ ಅಕಾಡೆಮಿ ನೆರವೇರಿಸಿತು. ಅದರ ವಾರ್ಷಿಕ ಸಮ್ಮೇಳನಗಳು ಬೇರೆ ಬೇರೆ ಊರುಗಳಲ್ಲಿ ನಡೆದು, ಅಲ್ಲಿ ಓದಿದ ಪ್ರಬಂಧಗಳು 'ಇತಿಹಾಸ ದರ್ಶನ'ವೆಂಬ ಸಂಪುಟಗಳಲ್ಲಿ ಅಚ್ಚಾಗುತ್ತ ಬಂದಿವೆ. ಹೆಸರಾಂತ ವಿದ್ವಾಂಸರ ಪಕ್ಕದಲ್ಲಿಯೇ ಸಂಶೋಧನ ವಿದ್ಯಾರ್ಥಿಯ ಪ್ರಬಂಧವೂ, ಊರ ಮೇಷ್ಟರ ಪ್ರಬಂಧವೂ ಅಲ್ಲಿ ಕಾಣಸಿಗುತ್ತವೆ.

ನಮ್ಮ ಸೀಮೆಯಿಂದ ಈ ಲೋಕಕ್ಕೆ ಹೋದವರಿಲ್ಲವೆ? ಇದ್ದಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ೧೯೦೬ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿಯೂ ಧಾರವಾಡದಲ್ಲಿಯೂ ಪಾಠ ಹೇಳಿದರು. ಹರಿಹರನ ನಂಬಿಯಣ್ಣನ ರಗಳೆಯನ್ನು ಸಂಪಾದಿಸಿದರು. ೧೯೫೩ರಲ್ಲಿ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಕೊಟ್ಟರು. ಆ ಗ್ರಂಥವನ್ನು ಓದಿದವರಿಗೆ ಗೊತ್ತು, ಪ್ರತಿಯೊಂದು ಮತವನ್ನೂ ಅದರ ಪೂರ್ಣ ಬಲದೊಡನೆ ಮುಂದಿಟ್ಟು ಆಮೇಲೆ ತೂಗುವ ಕ್ರಮ ಅದರಲ್ಲಿ ಹೇಗಿದೆಯೆಂದು. ಪೂರ್ವಪಕ್ಷಕ್ಕೆ ಹೆದರದ ಮನಸ್ಸು ಅದು.

ಪ್ರಶ್ನೆ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ತುಮಕೂರಿನ ಬಳಿಯ ಕೈದಾಳದ ಜಕಣಾಚಾರಿಯ ಕಥೆ ನಿಮ್ಮ ಮನೆಯ ಅಜ್ಜಿಯರಿಗೆಲ್ಲ ಗೊತ್ತು. ಬೇಲೂರಿನಲ್ಲಿ ವಿಗ್ರಹ ಕಡೆದ ತಂದೆ, ಅದರಲ್ಲಿ ದೋಷವಿದೆಯೆಂದ ಎಳೆಯ ಮಗ ಡಂಕಣ, ಕಲ್ಲಿನೊಳಗಿನ ಕಪ್ಪೆ, ತಂದೆ ಕಡಿದುಕೊಂಡ ಕೈ, ಕೈದಾಳದಲ್ಲಿ ಚೆನ್ನಿಗರಾಯನ ಕೃಪೆಯಿಂದ ಬಂದ ಕೈ. ಕೇಳುವಾಗ ಕಣ್ಣು ತೇವವಾಗುತ್ತದೆ. ಈಗ ಗೋಷ್ಠಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಹೇಳುತ್ತಾಳೆಂದು ಭಾವಿಸಿ: "ಬೇಲೂರಿನ ಗುಡಿ ೧೧೧೭ರಲ್ಲಿ ಪ್ರತಿಷ್ಠೆಯಾಯಿತು. ಕೈದಾಳದ ಗುಡಿಯನ್ನು ೧೧೫೦ರ ಸುಮಾರಿನಲ್ಲಿ ಗೂಳಿ ಬಾಚಿಯೆಂಬ ಸಾಮಂತನು ಕಟ್ಟಿಸಿದನೆಂದು ಶಾಸನವಿದೆ. ಬೇಲೂರಿನ ಶಿಲ್ಪಗಳ ಕೆಳಗೆ ಶಿಲ್ಪಿಗಳು ತಾವೇ ಕೊರೆದ ಹೆಸರುಗಳಲ್ಲಿ ಬಳ್ಳಿಗಾವೆಯ ದಾಸೋಜನಿದ್ದಾನೆ, ಅವನ ಮಗ ಚಾವಣನಿದ್ದಾನೆ; ಜಕಣಾಚಾರಿಯ ಹೆಸರು ಅಲ್ಲಿಲ್ಲ."

ಸಭೆಯಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ನಮ್ಮ ಜಿಲ್ಲೆಯ ಹೆಮ್ಮೆಯನ್ನು ಈ ಹುಡುಗಿ ಕಿತ್ತುಕೊಂಡಳೆಂದು ತೋರುತ್ತದೆ. ನಿಧಾನಿಸಿ ನೋಡಿ, ಅವಳು ಕಿತ್ತುಕೊಂಡದ್ದೇನು, ಕೊಟ್ಟದ್ದೇನು? ಕಥೆ ಕಥೆಯಾಗಿ ಉಳಿಯಿತು. ಅಜ್ಜಿ ಅದನ್ನು ಮೊಮ್ಮಗನಿಗೆ ಹೇಳುವುದನ್ನು ಯಾರೂ ತಡೆಯಲಿಲ್ಲ. ಅದರ ಜೊತೆಗೆ ಮರೆತುಹೋಗಿದ್ದ ದಾಸೋಜ, ಚಾವಣರು ಬೆಳಕಿಗೆ ಬಂದರು. ಅಲ್ಲಿಯೂ ತಂದೆ ಮಗ ಇದ್ದಾರೆ. ಇಬ್ಬರೂ ಕೂಡಿ ದುಡಿದು ಹೆಸರು ಕೊರೆದು ಹೋದರು. ಒಬ್ಬ ಕಲ್ಪಿತ ವೀರನ ನೆರಳಿನಲ್ಲಿ ನೂರಾರು ನಿಜವಾದ ಶಿಲ್ಪಿಗಳು ಮರೆಯಾಗುವುದು ನ್ಯಾಯವೆ? ಪ್ರಶ್ನೆ ಕೇಳಿದ್ದರಿಂದ ಅವರಿಗೆ ಅವರ ಕೂಲಿ ಸಂದಿತು. ಹಾಗೆಂದು ಆ ವಿದ್ಯಾರ್ಥಿನಿಯ ಮಾತೂ ಕಡೆಯದಲ್ಲ. ಇನ್ನೊಬ್ಬನು ಎದ್ದು, "ಈ ಕಥೆ ಯಾವ ಕಾಲದಲ್ಲಿ ಹುಟ್ಟಿತು? ಕೈದಾಳಕ್ಕೂ ಬೇಲೂರಿಗೂ ಗಂಟು ಹಾಕಬೇಕೆಂದು ಜನಕ್ಕೆ ಏಕೆ ಅನ್ನಿಸಿತು?" ಎಂದು ಕೇಳಬಹುದು. ಅವಳು ಉತ್ತರ ಹುಡುಕಲು ಮತ್ತೆ ಹಳ್ಳಿಗಳಿಗೆ ಬರುತ್ತಾಳೆ.

ಹಳ್ಳಿಗಳಿಗೆ ಬರುತ್ತಾಳೆ ಎಂದೆ. ಈ ಬರಹವನ್ನು ವಿದ್ವಾಂಸರಿಗಲ್ಲ, ನಿಮಗೆ ಬರೆಯುತ್ತಿರುವುದು ಇದಕ್ಕಾಗಿಯೇ. ಸಮ್ಮೇಳನ ನಡೆಯುವುದು ನಗರದ ಸಭಾಂಗಣದಲ್ಲಿ. ಆದರೆ ಅಲ್ಲಿ ಓದುವ ಇಪ್ಪತ್ತು ನಿಮಿಷದ ಪ್ರಬಂಧದ ಹಿಂದೆ ಎರಡು ಮೂರು ವರ್ಷದ ತಿರುಗಾಟವಿರುತ್ತದೆ. ಆ ತಿರುಗಾಟ ನಡೆಯುವುದು ನಿಮ್ಮ ತೋಟದ ಬದುವಿನ ಮೇಲೆ, ಕೆರೆಯ ಏರಿಯ ಮೇಲೆ, ಊರಮುಂದಿನ ಅರಳಿಕಟ್ಟೆಯ ಹತ್ತಿರ. ಅಲ್ಲಿ ಒರಗಿ ಬಿದ್ದಿರುವ ವೀರಗಲ್ಲು, ಮಾಸ್ತಿಕಲ್ಲು, ಸೂರ್ಯಚಂದ್ರರನ್ನು ಕೆತ್ತಿದ ದಾನಶಾಸನ, ಇವೇ ಅವರ ಪುಸ್ತಕ. ರೈಸ್ ಅವರ ಕಾಲದಲ್ಲಿ ಓದಲು ಬಂದ ಕಲ್ಲುಗಳೆಲ್ಲ ಇಂದು ಇದ್ದಲ್ಲಿಯೇ ಇರುತ್ತವೆಂಬ ನಂಬಿಕೆಯಿಲ್ಲ. ರಸ್ತೆ ಅಗಲವಾದಾಗ ಕೆಲವು ಮಣ್ಣಿಗೆ ಸೇರುತ್ತವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗುತ್ತವೆ, ಕೆಲವು ಕಾಲುವೆಗೆ ಹಾಸುಗಲ್ಲಾಗುತ್ತವೆ. ಗುಡಿಯ ಜೀರ್ಣೋದ್ಧಾರದ ಉತ್ಸಾಹದಲ್ಲಿ ಅಕ್ಷರದ ಮೇಲೆಯೇ ಬಣ್ಣ ಬಳಿಯುವುದೂ ಉಂಟು. ನಿಧಿಯಿದೆಯೆಂಬ ಆಸೆಗೆ ರಾತ್ರೋರಾತ್ರಿ ಕಲ್ಲನ್ನು ಕಿತ್ತು ಒಡೆಯುವವರೂ ಇದ್ದಾರೆ. ಕಲ್ಲು ಹೋದರೆ ವಾದ ಹೋಯಿತು. ಆಮೇಲೆ ಉಳಿಯುವುದು ಗಟ್ಟಿಯಾಗಿ ಕೂಗುವವನ ಮಾತು ಮಾತ್ರ.

ಉಂಡೆ ಕೊಬ್ಬರಿ ಮಾಡುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯುತ್ತೀರಿ. ಅವಸರಪಟ್ಟರೆ ಕೆಡುತ್ತದೆಂದು ನಿಮಗೆ ಗೊತ್ತು. ಕಿವಿಯ ಬಳಿ ಅಲುಗಿಸಿ ಸದ್ದು ಕೇಳಿ ಒಣಗಿದೆಯೆಂದು ತಿಳಿಯುತ್ತೀರಿ. ಆದರೂ ಮಾರುಕಟ್ಟೆಯಲ್ಲಿ ಕೊಳ್ಳುವವನು ನಿಮ್ಮ ಮಾತನ್ನು ನಂಬಿ ಬೆಲೆ ಕಟ್ಟುವುದಿಲ್ಲ. ತಾನೇ ಕೈಗೆ ತೆಗೆದುಕೊಂಡು ನೋಡುತ್ತಾನೆ. ಸಂಶೋಧನೆಯೂ ಹಾಗೆಯೇ. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿದ್ದನ್ನು ಸಮಾನರ ಸಭೆಗೆ ತಂದು, "ನೋಡಿ, ಬೇಕಾದರೆ ಒಡೆದು ನೋಡಿ" ಎಂದು ಒಪ್ಪಿಸಬೇಕು. ಒಡೆಯಗೊಡದ ಕಾಯಿ ಚೆನ್ನಾಗಿದೆಯೆಂದು ಯಾರು ಹೇಳಬಲ್ಲರು?

ಅಂದು ಜಗಲಿಯ ಕೆಳಗೆ ಉಳಿದವರ ಮಕ್ಕಳು ಇಂದು ಈ ಸಭೆಗಳಲ್ಲಿ ಮಾತನಾಡುತ್ತಿದ್ದಾರೆ. ತುಮಕೂರಿನಲ್ಲಿ ೨೦೦೪ರಲ್ಲಿ ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಹೆಚ್ಚಿನ ಓದು ನಮ್ಮ ಹಳ್ಳಿಗಳಿಗೆ ಇನ್ನಷ್ಟು ಹತ್ತಿರವಾಗಿದೆ. ಸಿಪ್ಪೆ ಸುಲಿಯುವವರ ಮನೆಯ ಹುಡುಗ, ತೋಟದ ಕೂಲಿಯವರ ಮನೆಯ ಹುಡುಗಿ ಹೊಯ್ಸಳರ ಶಾಸನವನ್ನು ಓದಿ, ಆ ಶಾಸನ ಬರೆಸಿದವರ ವಂಶಸ್ಥರ ಎದುರಿನಲ್ಲಿಯೇ ಅದಕ್ಕೆ ಹೊಸ ಅರ್ಥ ಹೇಳಬಹುದು. ಸರ್ವಜ್ಞನೆಂಬ ಹೆಸರನ್ನು ಹೊತ್ತಿದ್ದ ಅಗ್ರಹಾರ ಕಾಣದೆ ಹೋದ ದಿನ ಇದು. ಆದರೆ ಅಂಥ ವಿದ್ಯಾರ್ಥಿಗೆ ಸಾಲೋಟಗಿಯ ೨೭ ಮನೆಗಳಿಲ್ಲ, ಕೋಡಿಯ ಮಠದ ಊಟವಿಲ್ಲ. ಬಸ್ಸಿನ ಖರ್ಚನ್ನು ಕೈಯಿಂದ ಹಾಕಿಕೊಂಡು, ಊರಿಗೆ ಬಂದು, ಕ್ಯಾಮರಾ ಹಿಡಿದು ಕಲ್ಲಿನ ಸುತ್ತ ಸುಳಿದರೆ ನಿಧಿಗಳ್ಳರೋ ಏನೋ ಎಂಬ ಅನುಮಾನಕ್ಕೂ ಗುರಿಯಾಗಬೇಕು.

ಆದ್ದರಿಂದ ಕೆಲವು ಮಾತುಗಳನ್ನು ನಿಮ್ಮಲ್ಲಿ ಅರಿಕೆ ಮಾಡುತ್ತೇನೆ. ನಿಮ್ಮ ಊರಿಗೆ ಇಂಥವರು ಬಂದರೆ ಮೊದಲು ಯಾರು, ಎಲ್ಲಿಯವರು ಎಂದು ವಿಚಾರಿಸಿ. ಅದು ತಪ್ಪಲ್ಲ, ವಿಚಾರಿಸಲೇಬೇಕು. ಆಮೇಲೆ ಒಂದು ಎಳನೀರು ಕೊಡಿ, ಊಟದ ಹೊತ್ತಾದರೆ ಎಲೆ ಹಾಕಿ. ಕಲ್ಲಿರುವ ಜಾಗವನ್ನು ತೋರಿಸಿ. ಹಿರಿಯರಿಗೆ ಗೊತ್ತಿರುವ ಹಳೆಯ ಹೆಸರುಗಳನ್ನು, ಹೊಲದ ಹೆಸರು, ಕಟ್ಟೆಯ ಹೆಸರು, ಹಾಳೂರಿನ ಹೆಸರುಗಳನ್ನು ಹೇಳಿಸಿ. ಶಾಸನದ ಅರ್ಥವಾಗದ ಒಂದು ಶಬ್ದ ಎಷ್ಟೋ ವೇಳೆ ನಿಮ್ಮ ಮನೆಯ ಅಜ್ಜನ ಬಾಯಲ್ಲಿ ಜೀವದಿಂದಿರುತ್ತದೆ. ನಿಮ್ಮ ತೋಟದಲ್ಲಿ ಅಕ್ಷರದ ಕಲ್ಲು ಇದ್ದರೆ ಅದನ್ನು ಕದಲಿಸಬೇಡಿ, ಸುಣ್ಣ ಬಳಿಯಬೇಡಿ, ನೆಟ್ಟಗೆ ನಿಲ್ಲಿಸಿ ಸುತ್ತ ನಾಲ್ಕು ಕಲ್ಲು ಇಡಿ. ಸಮೀಪದ ಕಾಲೇಜಿನಲ್ಲಿ ವಿಚಾರಗೋಷ್ಠಿ ನಡೆದರೆ ಒಂದು ಹೊತ್ತು ಹೋಗಿ ಹಿಂದಿನ ಸಾಲಿನಲ್ಲಾದರೂ ಕುಳಿತುಕೊಳ್ಳಿ. ಅರ್ಥವಾಗದಿದ್ದರೆ ಕೇಳಿ. "ನಮಗೇನು ಗೊತ್ತು" ಎಂದು ಸುಮ್ಮನೆ ಬರಬೇಡಿ. ನಿಮ್ಮ ಪ್ರಶ್ನೆಗೆ ತಿಳಿಯುವ ಕನ್ನಡದಲ್ಲಿ ಉತ್ತರ ಹೇಳಬೇಕಾದಾಗಲೇ ಅವರ ವಿದ್ಯೆ ಗಟ್ಟಿಯಾಗುತ್ತದೆ.

ಮನೆಯಲ್ಲಿ ಮಗನೋ ಮಗಳೋ ಇತಿಹಾಸ ಓದುತ್ತೇನೆಂದರೆ, "ಅದರಿಂದ ಹೊಟ್ಟೆ ತುಂಬುತ್ತದೆಯೆ?" ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಕೇಳುವುದು ತಂದೆತಾಯಿಗಳ ಧರ್ಮವೇ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ ನೋಡಿ: "ನೀನು ಹೇಳುವ ಈ ಮಾತಿಗೆ ಆಧಾರವೇನು?" ಆ ಹುಡುಗ ಅಥವಾ ಆ ಹುಡುಗಿ ಮುಖ ಸಿಂಡರಿಸದೆ, ಕಲ್ಲಿನ ಕಡೆಗೋ ತಾಳೆಯೋಲೆಯ ಕಡೆಗೋ ಕೈ ತೋರಿಸಿ ಉತ್ತರ ಕೊಟ್ಟರೆ, ಅದೇ ನಿಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಮೊದಲ ವಿದ್ಯಾರ್ಥಿಗೋಷ್ಠಿ ಎಂದು ತಿಳಿಯಿರಿ. ಊಟವಂತೂ ನೀವೇ ಹಾಕುತ್ತೀರಿ.